ಎಂಟನೆಯ ದಿನದ ಬಸ್ಸು

ಡೆನ್ಯೂಬ್ ನದಿಯ ಮೇಲೆ ಏಳು ರಾತ್ರಿ ಕಳೆಯುವ ಹಡಗು ಪ್ರವಾಸದ ಕೈಪಿಡಿಯಲ್ಲಿ ಒಂದೊಂದು ದಿನಕ್ಕೂ ಒಂದೊಂದು ಪುಟ, ಪುಟಕ್ಕೆ ಎರಡೆರಡು ಚಿತ್ರ. ಎಂಟನೆಯ ದಿನಕ್ಕೆ ಮಾತ್ರ ಒಂದೇ ಸಾಲು: ಬೆಳಗಿನ ಉಪಾಹಾರದ ನಂತರ ನಿರ್ಗಮನ. ನಿರ್ಗಮಿಸಿದವರು ಎಲ್ಲಿಗೆ ಹೋಗಬೇಕು, ಎರಡು ಭಾರದ ಸೂಟ್‌ಕೇಸ್ ಹಿಡಿದುಕೊಂಡು ಹೇಗೆ ಹೋಗಬೇಕು ಎಂಬುದು ಹಡಗಿನವರ ತಲೆನೋವಲ್ಲ. ಕಳೆದ ಸೆಪ್ಟೆಂಬರಿನಲ್ಲಿ ನಾನೂ ನನ್ನ ಅಕ್ಕನೂ ಜರ್ಮನಿಯ ಪಸ್ಸಾವ್‌ನಲ್ಲಿ ಹತ್ತಿ, ಆಸ್ಟ್ರಿಯಾದ ವಿಯೆನ್ನಾ, ಸ್ಲೊವಾಕಿಯಾದ ಬ್ರಾಟಿಸ್ಲಾವಾ ನೋಡಿಕೊಂಡು, ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಇಳಿಯುವ ಹಡಗಿನಲ್ಲಿದ್ದೆವು. ಅಲ್ಲಿಂದ ಚೆಕ್ ದೇಶದ ಪ್ರಾಗ್ ಮತ್ತು ಜರ್ಮನಿಯ ಡ್ರೆಸ್ಡೆನ್ ಮಾರ್ಗವಾಗಿ ಬರ್ಲಿನ್‌ನಲ್ಲಿರುವ ಅಕ್ಕನ ಮಗಳ ಮನೆಯನ್ನು ಬಸ್ಸಿನಲ್ಲೇ ಸೇರಬೇಕೆಂದು ಶಿವಮೊಗ್ಗದಲ್ಲಿ ಕುಳಿತೇ ತೀರ್ಮಾನಿಸಿದ್ದೆವು. ಆ ತೀರ್ಮಾನದಲ್ಲಿ ಎಷ್ಟು ಸರಿಯಿತ್ತು, ಎಷ್ಟು ತಪ್ಪಿತ್ತು ಎಂದು ಈಗ ನಿಧಾನವಾಗಿ ಯೋಚಿಸಿ ಬರೆಯುತ್ತಿದ್ದೇನೆ.

ಹಡಗಿನಲ್ಲಿ ಇರುವಷ್ಟು ದಿನ ಮನುಷ್ಯನಿಗೆ ಪ್ರಯಾಣ ಮಾಡುತ್ತಿದ್ದೇನೆ ಎಂಬ ಅರಿವೇ ಇರುವುದಿಲ್ಲ. ರಾತ್ರಿ ಮಲಗುವಾಗ ಒಂದು ಊರು, ಏಳುವಾಗ ಇನ್ನೊಂದು ಊರು; ಸೂಟ್‌ಕೇಸ್ ಮಂಚದ ಕೆಳಗೆ ಬಿದ್ದಿರುತ್ತದೆ, ಊರುಗಳೇ ನಮ್ಮ ಕಿಟಕಿಯ ಬಳಿಗೆ ಬಂದು ನಿಂತು ಹೋಗುತ್ತವೆ. ದಡದಲ್ಲಿ ಅಲ್ಲಲ್ಲಿ ಕಿಲೋಮೀಟರ್ ಫಲಕಗಳಿದ್ದವು. ಕೆಲವು ನದಿಗಳ ದೂರವನ್ನು ಮೇಲಿನಿಂದ ಕೆಳಕ್ಕೆ ಎಣಿಸಿದರೆ ಡೆನ್ಯೂಬಿನದನ್ನು ಸಮುದ್ರ ಸೇರುವ ತುದಿಯಿಂದ ಮೇಲಕ್ಕೆ ಎಣಿಸುತ್ತಾರೆ. ಹೀಗಾಗಿ ಪಸ್ಸಾವ್‌ನಲ್ಲಿ 2,226ರ ಆಸುಪಾಸಿನಲ್ಲಿದ್ದ ಸಂಖ್ಯೆ ವಿಯೆನ್ನಾದಲ್ಲಿ 1,929ಕ್ಕೆ, ಬುಡಾಪೆಸ್ಟ್‌ನಲ್ಲಿ 1,647ಕ್ಕೆ ಇಳಿಯುತ್ತದೆ. ಅಕ್ಕ ಡೆಕ್ಕಿನ ಮೇಲೆ ಶಾಲು ಹೊದ್ದು ಕುಳಿತು ಈ ಫಲಕಗಳನ್ನು ಓದುತ್ತಿದ್ದಳು. ಎಣಿಸುವುದು ಅವಳ ಹಳೆಯ ಅಭ್ಯಾಸ. ಮೊಣಕಾಲು ಕೈಕೊಟ್ಟ ಮೇಲೆ ಅವಳು ಎಲ್ಲಕ್ಕಿಂತ ಹೆಚ್ಚಾಗಿ ಎಣಿಸುವುದು ಮೆಟ್ಟಿಲುಗಳನ್ನು.

ನಾನು ಮಾಡಿದ ದೊಡ್ಡ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಹಡಗು ಬೆಳಗಿನ ಆರಕ್ಕೆ ಬುಡಾಪೆಸ್ಟ್ ತಲುಪುತ್ತದೆ, ಒಂಬತ್ತಕ್ಕೆ ಕೋಣೆ ತೆರವು ಮಾಡಬೇಕು ಎಂದು ಕೈಪಿಡಿಯಲ್ಲಿತ್ತು. ಅದನ್ನು ನಂಬಿ ಅದೇ ದಿನ ಮಧ್ಯಾಹ್ನ ಒಂದು ಗಂಟೆಗೆ ಪ್ರಾಗ್‌ಗೆ ಹೊರಡುವ ಬಸ್ಸಿಗೆ ಟಿಕೆಟ್ ಮಾಡಿಸಿದ್ದೆ. ನಾಲ್ಕು ಗಂಟೆಯ ಬಿಡುವು ಧಾರಾಳವಾಯಿತು ಎಂಬುದು ನನ್ನ ಲೆಕ್ಕ. ಟಿಕೆಟ್ ಮಾಡಿಸುವಾಗಲೇ ಅಕ್ಕ, ‘ಹಡಗಿಂದ ಇಳಿದ ದಿನವೇ ಮತ್ತೆ ಬಸ್ ಹತ್ತೋದು ಬೇಡ ಕಣೇ. ಮದುವೆ ಮುಗಿದ ದಿನವೇ ಯಾರಾದ್ರೂ ಬೀಗರ ಮನೆಯಿಂದ ಎದ್ದು ಹೊರಟುಬಿಡ್ತಾರಾ?’ ಎಂದಿದ್ದಳು. ಒಂದು ರಾತ್ರಿಯ ಹೋಟೆಲ್ ಬಾಡಿಗೆ ಉಳಿಸುವ ಹಟದಲ್ಲಿ ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಬ್ರಾಟಿಸ್ಲಾವಾದಲ್ಲಿ ಇದ್ದ ಸಂಜೆ ಧ್ವನಿವರ್ಧಕದಲ್ಲಿ ಪ್ರಕಟಣೆ ಬಂತು: ನದಿಯಲ್ಲಿ ನೀರು ಕಡಿಮೆಯಾಗಿದೆ, ಹಡಗು ನಿಧಾನವಾಗಿ ಸಾಗಬೇಕಾಗಿದೆ, ಬುಡಾಪೆಸ್ಟ್ ತಲುಪುವಾಗ ಮಧ್ಯಾಹ್ನ ಮೀರಬಹುದು. ಇತಿಹಾಸದ ಪಾಠ ಹೇಳಿ ನಿವೃತ್ತಳಾದ ನನಗೆ ಇದರ ಕಾರಣ ತಿಳಿದಾಗ ಸಿಟ್ಟು ಅರ್ಧ ಇಳಿಯಿತು. ಬ್ರಾಟಿಸ್ಲಾವಾದ ಕೆಳಗೆ ಗಾಬ್ಚಿಕೊವೊ ಎಂಬಲ್ಲಿ ಅಣೆಕಟ್ಟಿದ್ದು, ಅಲ್ಲಿನ ಲಾಕ್‌ನಲ್ಲಿ ಹಡಗನ್ನು ದೊಡ್ಡ ತೊಟ್ಟಿಯಂಥ ಕೋಣೆಯೊಳಗೆ ನಿಲ್ಲಿಸಿ, ನೀರು ಬಸಿದು, ಸುಮಾರು 20 ಮೀಟರ್ ಕೆಳಗಿಳಿಸುತ್ತಾರೆ. 1977ರಲ್ಲಿ ಅಂದಿನ ಚೆಕೊಸ್ಲೊವಾಕಿಯಾ ಮತ್ತು ಹಂಗೇರಿ ಮಾಡಿಕೊಂಡ ಒಪ್ಪಂದದ ಪ್ರಕಾರ ಇದರ ಕೆಳಗೆ, ಬುಡಾಪೆಸ್ಟ್‌ಗಿಂತ ಮೇಲೆ, ನಾಜ್‌ಮಾರೋಶ್ ಎಂಬಲ್ಲಿ ಎರಡನೆಯ ಅಣೆಕಟ್ಟು ಏಳಬೇಕಿತ್ತು. ಹಂಗೇರಿಯಲ್ಲಿ ಪರಿಸರದ ಕಾಳಜಿಯಿಂದ ಎದ್ದ ವಿರೋಧ ಆಡಳಿತದ ವಿರೋಧವೂ ಆಗಿ ಬೆಳೆದು, 1989ರಲ್ಲಿ ಹಂಗೇರಿ ಕೆಲಸವನ್ನು ನಿಲ್ಲಿಸಿತು. ವ್ಯಾಜ್ಯ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದವರೆಗೂ ಹೋಗಿ 1997ರಲ್ಲಿ ತೀರ್ಪು ಬಂತು. ಎರಡನೆಯ ಅಣೆಕಟ್ಟು ಏಳಲೇ ಇಲ್ಲ. ಆದ್ದರಿಂದ ಗಾಬ್ಚಿಕೊವೊದಿಂದ ಬುಡಾಪೆಸ್ಟ್‌ವರೆಗೆ ನದಿ ತನ್ನ ಪಾಡಿಗೆ ತಾನು ಹರಿಯುತ್ತದೆ, ನೀರನ್ನು ಹಿಡಿದು ಆಳವನ್ನು ಕಾಯುವ ಕಟ್ಟೆ ಅಲ್ಲಿಲ್ಲ. ಮಳೆ ಕಡಿಮೆಯಾದರೆ ಮರಳದಿಣ್ಣೆ ಮೇಲೇಳುತ್ತದೆ, ಹಡಗು ತಡವಾಗುತ್ತದೆ. ಸರ್ಕಾರವನ್ನೇ ಅಲುಗಾಡಿಸಿದ ಚಳವಳಿಯೊಂದು ಮೂವತ್ತಾರು ವರ್ಷಗಳ ನಂತರ ನಮ್ಮ ಒಂದು ಗಂಟೆಯ ಬಸ್ಸನ್ನು ತಪ್ಪಿಸಿತು. ನದಿಯನ್ನು ಹಾಗೇ ಹರಿಯಲು ಬಿಟ್ಟವರ ಮೇಲೆ ಶರಾವತಿಯ ಸೀಮೆಯವಳಾದ ನಾನು ಹೇಗೆ ಕೋಪಿಸಿಕೊಳ್ಳಲಿ?

ನೀರು ಕಡಿಮೆಯಾದರೆ ಮಾತ್ರವಲ್ಲ, ಹೆಚ್ಚಾದರೂ ಇದೇ ಪಾಡು. ಉಕ್ಕಿದ ನದಿಯಲ್ಲಿ ಹಡಗು ಸೇತುವೆಗಳ ಕೆಳಗೆ ನುಸುಳಲಾರದು. 2024ರ ಸೆಪ್ಟೆಂಬರಿನ ಪ್ರವಾಹದಲ್ಲಿ ವಿಯೆನ್ನಾದ ಬಳಿ ಪ್ರವಾಸಿ ಹಡಗುಗಳು ಮುಂದೆ ಹೋಗಲಾಗದೆ ನಿಂತಿದ್ದವು. ಕೆಲವೊಮ್ಮೆ ನದಿಯ ಕೆಟ್ಟ ಭಾಗವನ್ನು ಬಸ್ಸಿನಲ್ಲಿ ದಾಟಿಸಿ, ಆಚೆ ನಿಂತಿರುವ ಇನ್ನೊಂದು ಹಡಗಿಗೆ ಪ್ರಯಾಣಿಕರನ್ನು ಹತ್ತಿಸುವುದೂ ಉಂಟು. ಹೀಗಿರುವಾಗ ಹಡಗು ಇಂಥ ಗಂಟೆಗೆ ಇಂಥ ಕಟ್ಟೆಗೆ ಬರುತ್ತದೆ ಎಂಬುದನ್ನು ರೈಲ್ವೆ ವೇಳಾಪಟ್ಟಿಯಂತೆ ಓದಬಾರದು. ಅದು ನದಿ ಒಪ್ಪಿದರೆ ಎಂಬ ಷರತ್ತಿನ ಮಾತು. ಹಡಗಿನ ಕೊನೆಯ ದಿನಕ್ಕೂ ಮುಂದಿನ ಬಸ್ಸಿಗೂ ನಡುವೆ ಒಂದು ರಾತ್ರಿ ಇರಲೇಬೇಕು. ನಾನು ಬಸ್ಸು ಹೊರಡುವ ಮುನ್ನ ಟಿಕೆಟ್ ರದ್ದು ಮಾಡಿದ್ದರಿಂದ ದಂಡ ಕಳೆದು ಉಳಿದ ಹಣ ವೋಚರ್ ರೂಪದಲ್ಲಿ ಬಂತು. ಹಡಗಿನಿಂದಲೇ ಫೋನಿನಲ್ಲಿ ಹುಡುಕಿ ಹಿಡಿದ ಹೋಟೆಲ್ ಮಾತ್ರ, ಮೊದಲೇ ಮಾಡಿಸಿದ್ದರೆ ಕೊಡಬೇಕಾಗಿದ್ದಕ್ಕಿಂತ ಬಹಳ ದುಬಾರಿಯಾಯಿತು. ಅಕ್ಕ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದರೆ ಅದೇ ದೊಡ್ಡ ಮಾತು.

ಎರಡನೆಯ ಸಂಗತಿ ನನಗೆ ಹೊಳೆದದ್ದು ವಿಯೆನ್ನಾದಲ್ಲಿ. ನದಿಯ ದಡದ ಊರುಗಳು ನದಿಗೆ ಮುಖಮಾಡಿ ಕುಳಿತಿರುತ್ತವೆ. ಅರಮನೆ, ಇಗರ್ಜಿ, ಸಂಸತ್ ಭವನ ಎಲ್ಲವೂ ನೀರಿನಲ್ಲಿ ತಮ್ಮ ಬಿಂಬ ನೋಡಿಕೊಳ್ಳುವಂತೆ. ಹಡಗಿನಲ್ಲಿ ಬಂದವರು ಊರನ್ನು ತಲೆಬಾಗಿಲಿನಿಂದ ಹೊಗುತ್ತಾರೆ. ದೂರದ ಬಸ್ಸುಗಳೋ ಹಿತ್ತಲ ಬಾಗಿಲಿನಿಂದ ಹೊರಡುತ್ತವೆ. ಹೆದ್ದಾರಿಗೆ ಹತ್ತಿರವಿರಬೇಕು, ಜಾಗ ಅಗ್ಗವಾಗಿರಬೇಕು, ಹಳೆಯ ಪೇಟೆಯ ಬೀದಿಗೆ ದೊಡ್ಡ ಗಾಡಿ ನುಗ್ಗಬಾರದು ಎಂಬ ಕಾರಣಗಳಿಂದ ಅವನ್ನು ಊರಿನ ಅಂಚಿಗೆ ಸರಿಸಿರುತ್ತಾರೆ. ಮೆಜೆಸ್ಟಿಕ್ಕಿನಂತೆ ಊರಿನ ನಡುಮಧ್ಯೆ ಎಲ್ಲ ಬಸ್ಸುಗಳೂ ಸಿಗುತ್ತವೆ ಎಂದುಕೊಂಡು ಹೋದರೆ ಕೆಟ್ಟೆವು. ಮೈಸೂರಿನ ಬಸ್ಸು ಸ್ಯಾಟಲೈಟ್ ನಿಲ್ದಾಣದಿಂದ, ಖಾಸಗಿಯದು ಇನ್ನೆಲ್ಲಿಂದಲೋ ಎಂಬ ಬೆಂಗಳೂರಿನ ಗೋಜಲು ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ.

ವಿಯೆನ್ನಾದಲ್ಲಿ ಹೆಚ್ಚಿನ ಹಡಗುಗಳು ರೈಕ್ಸ್‌ಬ್ರ್ಯೂಕೆ ಎಂಬ ಸೇತುವೆಯ ಬಳಿ ನಿಲ್ಲುತ್ತವೆ. ಅಂತರರಾಷ್ಟ್ರೀಯ ಬಸ್ಸುಗಳ ನಿಲ್ದಾಣ ಇರುವುದು ಎರ್ಡ್‌ಬರ್ಗ್‌ನಲ್ಲಿ, ನಗರದ ಆಗ್ನೇಯಕ್ಕೆ, ಹೆದ್ದಾರಿಯ ಮೇಲ್ಸೇತುವೆಯ ಮಗ್ಗುಲಲ್ಲಿ. ಹಡಗಿನಿಂದ ಅಲ್ಲಿಗೆ ಹೋಗಬೇಕಾದರೆ ಯು-1 ಮೆಟ್ರೊ ಹತ್ತಿ ಊರಿನ ನಡುವಿನ ಸ್ಟೆಫಾನ್ಸ್‌ಪ್ಲಾಟ್ಸ್‌ವರೆಗೆ ಬಂದು, ಅಲ್ಲಿ ಇಳಿದು ಯು-3 ಹಿಡಿಯಬೇಕು. ನಕ್ಷೆಯಲ್ಲಿ ಎರಡು ಬೆರಳಿನ ದೂರ, ಸೂಟ್‌ಕೇಸಿನ ಜೊತೆಗೆ ಒಂದು ಗಂಟೆಯ ಕೆಲಸ. ನಮ್ಮ ಬಸ್ಸು ಅಲ್ಲಿಂದ ಇರಲಿಲ್ಲವಾದರೂ, ಒಂದು ಮಧ್ಯಾಹ್ನ ಎಲ್ಲರೂ ಅರಮನೆ ನೋಡಲು ಹೋದಾಗ ನಾನೊಬ್ಬಳೇ ಎರ್ಡ್‌ಬರ್ಗ್ ನೋಡಿಕೊಂಡು ಬಂದೆ. ಅದಕ್ಕೆ ನನ್ನದೇ ಕಾರಣವಿತ್ತು.

ಹಡಗು ವಿಯೆನ್ನಾಕ್ಕೆ ಬರುವ ಹಿಂದಿನ ದಿನ ವಾಖಾವ್ ಕಣಿವೆಯಲ್ಲಿ ಡ್ಯೂರ್ನ್‌ಸ್ಟೈನ್ ಎಂಬ ಹಳ್ಳಿಯ ಬಳಿ ನಿಂತಿತ್ತು. ಗುಡ್ಡದ ಮೇಲಿನ ಪಾಳುಕೋಟೆಯನ್ನು ತೋರಿಸಿ, ಇಂಗ್ಲೆಂಡಿನ ದೊರೆ ಸಿಂಹಹೃದಯದ ರಿಚರ್ಡ್‌ನನ್ನು ಇಲ್ಲಿ ಸೆರೆಯಲ್ಲಿಟ್ಟಿದ್ದರು ಎಂದು ಮಾರ್ಗದರ್ಶಿ ಹೇಳಿದ್ದು ಎಲ್ಲರಿಗೂ ಇಷ್ಟವಾಯಿತು. ಆದರೆ ಅವನು ಸಿಕ್ಕಿಬಿದ್ದದ್ದು ಎಲ್ಲಿ ಎಂದು ಅವರು ಹೇಳಲಿಲ್ಲ. ಧರ್ಮಯುದ್ಧ ಮುಗಿಸಿ ಸಮುದ್ರದಲ್ಲಿ ಮರಳುತ್ತಿದ್ದ ರಿಚರ್ಡ್‌ನ ಹಡಗು ಏಡ್ರಿಯಾಟಿಕ್‌ನ ದಡದಲ್ಲಿ ಒಡೆದು, ಅವನು ವೇಷ ಮರೆಸಿಕೊಂಡು, ಶತ್ರುವಾಗಿದ್ದ ಆಸ್ಟ್ರಿಯಾದ ಡ್ಯೂಕ್ ಲಿಯೊಪೋಲ್ಡ್‌ನ ನಾಡಿನ ಮೂಲಕವೇ ನೆಲದ ದಾರಿ ಹಿಡಿದಿದ್ದ. 1192ರ ಡಿಸೆಂಬರಿನಲ್ಲಿ ವಿಯೆನ್ನಾದ ಹೊರಗಿನ ಹಳ್ಳಿಯೊಂದರಲ್ಲಿ ಸಿಕ್ಕಿಬಿದ್ದ. ಆ ಹಳ್ಳಿಯೇ ಎರ್ಡ್‌ಬರ್ಗ್. ಹಡಗು ಬಿಟ್ಟ ಮೇಲೆ ಮುಂದಿನ ಪ್ರಯಾಣವನ್ನು ಸರಿಯಾಗಿ ಯೋಜಿಸದೆ ಕೆಟ್ಟವರಲ್ಲಿ ಅವನಷ್ಟು ದೊಡ್ಡವನು ಇನ್ನೊಬ್ಬನಿರಲಾರ. ಅವನು ಬಿಡುಗಡೆಗಾಗಿ ತೆತ್ತ ದಂಡದ ಮುಂದೆ ನನ್ನ ವೋಚರಿನ ನಷ್ಟ ಏನೂ ಅಲ್ಲ. ಇಂದು ಅಲ್ಲಿ ಕಾಂಕ್ರೀಟಿನ ಕಂಬಗಳು, ಸಿಗರೇಟಿನ ವಾಸನೆ, ತಮ್ಮ ಸಂಖ್ಯೆಯ ಬಸ್ಸಿಗಾಗಿ ಕತ್ತೆತ್ತಿ ನೋಡುತ್ತಿರುವ ಜನ. ಗೋಡೆಗೊರಗಿ ಕುಳಿತ ತರುಣನೊಬ್ಬ ಗಿಟಾರಿನ ಪೆಟ್ಟಿಗೆಯ ಮೇಲೆ ತಟ್ಟೆಯಿಟ್ಟು ಊಟ ಮಾಡುತ್ತಿದ್ದ. ನನಗೆ ಆ ಜಾಗ ಯಾವ ಅರಮನೆಗಿಂತಲೂ ಕಡಿಮೆಯೆನಿಸಲಿಲ್ಲ.

ಬ್ರಾಟಿಸ್ಲಾವಾ ಈ ವಿಷಯದಲ್ಲಿ ಸುಖಿ. ಹಡಗುಗಳು ಹಳೆಯ ಪೇಟೆಯ ಪಕ್ಕದಲ್ಲೇ ನಿಲ್ಲುತ್ತವೆ. 2021ರಲ್ಲಿ ಹೊಸದಾಗಿ ತೆರೆದ ನಿವಿ ಬಸ್ ನಿಲ್ದಾಣ ದೂರವಿಲ್ಲ, ದೊಡ್ಡ ಮಾಲ್ ಒಂದರ ಕೆಳಗಿದೆ. ವಿಯೆನ್ನಾಕ್ಕೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆ, ಅದೂ ವಿಯೆನ್ನಾ ವಿಮಾನ ನಿಲ್ದಾಣದ ಮೇಲೆಯೇ. ಹಡಗನ್ನು ಅಲ್ಲಿಯೇ ಬಿಟ್ಟು ವಿಮಾನ ಹಿಡಿಯುವವರಿಗೆ ಇದಕ್ಕಿಂತ ಸಲೀಸಾದ ದಾರಿ ಇಲ್ಲ.

ಬುಡಾಪೆಸ್ಟ್‌ನಲ್ಲಿ ನಮ್ಮ ಹಡಗು ನದಿಯ ಪೂರ್ವಕ್ಕಿರುವ ಪೆಸ್ಟ್ ಬದಿಯ ದಡದಲ್ಲಿ, ಇನ್ನೊಂದು ಹಡಗಿನ ಮಗ್ಗುಲಿಗೆ ಅಂಟಿಕೊಂಡು ನಿಂತಿತು. ಕಟ್ಟೆಯಲ್ಲಿ ಜಾಗ ಸಾಲದಿದ್ದರೆ ಹಡಗುಗಳನ್ನು ಹೀಗೆ ಒಂದರ ಪಕ್ಕ ಒಂದು ಕಟ್ಟುತ್ತಾರೆ, ಆಗ ಪಕ್ಕದ ಹಡಗಿನ ಹಜಾರದ ಮೂಲಕ ಹಾದು ದಡ ಸೇರಬೇಕು. ಅಪರಿಚಿತರು ಊಟ ಮಾಡುತ್ತಿರುವಲ್ಲಿ ಸೂಟ್‌ಕೇಸ್ ಎಳೆದುಕೊಂಡು ಹೋಗುವಾಗ ಅಕ್ಕನಿಗೆ ಬಹಳ ಸಂಕೋಚವಾಯಿತು. ದಡದಿಂದ ರಸ್ತೆಯ ಮಟ್ಟಕ್ಕೆ ಏರಲು ಕಲ್ಲಿನ ಮೆಟ್ಟಿಲು. ‘ಹದಿನೆಂಟು’ ಎಂದಳು ಮೇಲೆ ಬಂದು ನಿಂತು. ಅಲ್ಲಿಂದ ಕಾಲ್ವಿನ್ ಚೌಕದ ಬಳಿಯ ಹೋಟೆಲಿಗೆ ನಡೆದೇ ಹೋದೆವು. ತಡವಾಗಿ ಹುಡುಕಿದ್ದರೂ ಆ ಹೋಟೆಲನ್ನು ಆರಿಸಿದ್ದು ಕುರುಡಾಗಿ ಅಲ್ಲ. ದೂರದ ಬಸ್ಸುಗಳು ಹೊರಡುವ ನೇಪ್‌ಲಿಗೆಟ್ ನಿಲ್ದಾಣ ಮೆಟ್ರೊದ ಎಂ-3 ಮಾರ್ಗದಲ್ಲಿದೆ; ಕಾಲ್ವಿನ್ ಚೌಕದಿಂದ ನಾಲ್ಕನೆಯ ನಿಲುಗಡೆ, ಎಲ್ಲಿಯೂ ಬದಲಾಯಿಸುವ ಗೊಡವೆಯಿಲ್ಲ. ಹೋಟೆಲನ್ನು ನೋಡಬೇಕಾದ ಜಾಗಗಳಿಗೆ ಹತ್ತಿರವಾಗಿ ಹುಡುಕುವವರೇ ಹೆಚ್ಚು. ಒಂದು ರಾತ್ರಿ ಕಳೆದು ಬಸ್ಸು ಹತ್ತುವವರು ಮೊದಲು ಬಸ್ ನಿಲ್ದಾಣವನ್ನು ಗುರುತು ಮಾಡಿ, ಅಲ್ಲಿಗೆ ನೇರವಾಗಿ ಹೋಗುವ ಮೆಟ್ರೊ ಅಥವಾ ಟ್ರಾಮಿನ ಗೆರೆಯನ್ನು ಹಿಡಿದು, ಆ ಗೆರೆಯ ಮೇಲೆ ಎಲ್ಲಿ ನದಿಗೆ ಹತ್ತಿರವೋ ಅಲ್ಲಿ ಕೋಣೆ ಹಿಡಿಯುವುದು ಲೇಸು. ಕೊನೆಗೆ ಮರುದಿನ ಬೆಳಿಗ್ಗೆ ಮೆಟ್ರೊದ ಮೆಟ್ಟಿಲುಗಳನ್ನು ನೆನೆದು ಅಕ್ಕ ಟ್ಯಾಕ್ಸಿಯೇ ಆಗಲಿ ಎಂದಳು, ಅದು ಬೇರೆ ಮಾತು. ಆ ಊರಿನ ಟ್ಯಾಕ್ಸಿಗಳೆಲ್ಲ ಹಳದಿ ಬಣ್ಣದವು. 2013ರಿಂದ ದರವನ್ನು ನಗರವೇ ಗೊತ್ತುಪಡಿಸಿದೆ. ಚೌಕಾಸಿಯ ಗಲಾಟೆ ಇರಲಿಲ್ಲ.

ಇಷ್ಟೆಲ್ಲ ತೊಡಕಿದ್ದರೆ ರೈಲಿನಲ್ಲಿ ಹೋಗಬಾರದಿತ್ತೇ ಎಂದು ಯಾರಾದರೂ ಕೇಳುತ್ತಾರೆ. ಬುಡಾಪೆಸ್ಟ್‌ನಿಂದ ಪ್ರಾಗ್‌ಗೆ ಒಳ್ಳೆಯ ರೈಲುಗಳಿವೆ, ಸಮಯವೂ ಬಸ್ಸಿಗಿಂತ ತುಸು ಕಡಿಮೆ. ಆದರೆ ಎರಡು ವಿಷಯಗಳಲ್ಲಿ ಬಸ್ಸು ನಮ್ಮಂಥವರಿಗೆ ಅನುಕೂಲ. ಮೊದಲನೆಯದು ಲಗೇಜು: ರೈಲಿನಲ್ಲಿ ಸೂಟ್‌ಕೇಸನ್ನು ನಾವೇ ಎತ್ತಿ ಹತ್ತಿಸಬೇಕು, ಬಸ್ಸಿನಲ್ಲಿ ಡಿಕ್ಕಿಗೆ ಹಾಕಿದರೆ ಊರು ಮುಟ್ಟುವವರೆಗೂ ಅದರ ಚಿಂತೆಯಿಲ್ಲ. ಎರಡನೆಯದು ದರ: ಕೊನೆಯ ಗಳಿಗೆಯಲ್ಲಿ ಟಿಕೆಟ್ ಬದಲಾಯಿಸಬೇಕಾದಾಗ ಬಸ್ಸಿನ ದರ ಏರುವುದಾದರೂ ರೈಲಿನಷ್ಟು ಎದೆ ಒಡೆಯುವುದಿಲ್ಲ. ನದಿ ನಂಬಿಕೆಯಿಲ್ಲದ್ದು ಎಂದ ಮೇಲೆ, ಬದಲಾಯಿಸಲು ಸುಲಭವಾದ ವಾಹನವೇ ಅದರ ಜೊತೆಗೆ ಹೊಂದಿಕೊಳ್ಳುವುದು.

ಈ ಬಸ್ಸುಗಳ ಕತೆ ಹಳೆಯದೇನಲ್ಲ. ಜರ್ಮನಿಯಲ್ಲಿ ರೈಲಿಗೆ ಪೈಪೋಟಿಯಾಗಬಾರದೆಂದು 1930ರ ದಶಕದಲ್ಲಿ ಮಾಡಿದ್ದ ಕಟ್ಟುಪಾಡು 2012ರ ಕೊನೆಯವರೆಗೂ ಇತ್ತು. ಊರಿಂದೂರಿಗೆ ದೂರದ ಬಸ್ಸು ಓಡಿಸಲು, ಬರ್ಲಿನ್‌ನಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಪರವಾನಗಿಯೇ ಸಿಗುತ್ತಿರಲಿಲ್ಲ. 2013ರ ಜನವರಿ 1ರಂದು ಅದು ಸಡಿಲವಾಯಿತು. ಮ್ಯೂನಿಕ್‌ನ ಮೂವರು ತರುಣರು ಶುರುಮಾಡಿದ್ದ ಫ್ಲಿಕ್ಸ್‌ಬಸ್ ಅದೇ ವರ್ಷ ರಸ್ತೆಗಿಳಿದು, ಕೆಲವೇ ವರ್ಷಗಳಲ್ಲಿ ಯುರೋಪಿನ ಉದ್ದಗಲಕ್ಕೂ ಹಬ್ಬಿತು. 2024ರಲ್ಲಿ ಭಾರತಕ್ಕೂ ಬಂದು, ಅದರ ಹಸಿರು ಬಸ್ಸುಗಳು ಈಗ ಬೆಂಗಳೂರಿನಿಂದಲೂ ಹೊರಡುತ್ತವೆ. ಚೆಕ್ ದೇಶದ ಹಳದಿ ರೆಜಿಯೊಜೆಟ್ ಬಸ್ಸುಗಳ ಬೇರು ಬ್ರನೋ ಎಂಬ ಊರಿನಲ್ಲಿ 1990ರ ದಶಕದಲ್ಲಿ ಹುಟ್ಟಿದ ವಿದ್ಯಾರ್ಥಿಗಳ ಏಜೆನ್ಸಿಯೊಂದರಲ್ಲಿದೆ. ನಾವು ಹತ್ತಿದ್ದು ಯಾವ ಬಣ್ಣದ್ದು ಎಂಬುದು ಇಲ್ಲಿ ಮುಖ್ಯವಲ್ಲ.

ಟಿಕೆಟ್ ಮಾಡಿಸುವಾಗ ನಮ್ಮ ಕಡೆಯವರಿಗೆ ಎದುರಾಗುವ ತೊಡಕು ಹೆಸರಿನದು. ಅಕ್ಕನ ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿ. ಅಪ್ಪನ ಹೆಸರು, ಊರಿನ ಹೆಸರು ಎರಡೂ ಇನಿಷಿಯಲ್ ಆಗಿ ಎಲ್ಲೋ ಕರಗಿಹೋಗಿವೆ. ಬಸ್ಸಿನ ಆ್ಯಪು ಎರಡು ಹೆಸರು ಕೊಡದೆ ಮುಂದಕ್ಕೆ ಬಿಡುವುದಿಲ್ಲ. ಎರಡೂ ಕಡೆ ಅದೇ ಹೆಸರನ್ನು ತುಂಬಿಸಿದೆವು. ಗಡಿ ದಾಟುವ ಬಸ್ಸಿನಲ್ಲಿ ಚಾಲಕ ಟಿಕೆಟಿನ ಜೊತೆಗೆ ಪಾಸ್‌ಪೋರ್ಟನ್ನೂ ನೋಡುತ್ತಾನೆ. ಅವನಿಗೆ ಬೇಕಾದದ್ದು ಅಕ್ಷರಗಳು ಹೊಂದುವುದು, ಅಷ್ಟೆ.

ವೀಸಾದ ವಿಷಯ ಇದಕ್ಕಿಂತ ಗಂಭೀರ. ಡೆನ್ಯೂಬ್ ಪ್ರವಾಸಗಳಲ್ಲಿ ಕೆಲವು ಬುಡಾಪೆಸ್ಟ್ ದಾಟಿ ಸೆರ್ಬಿಯಾದ ಬೆಲ್‌ಗ್ರೇಡ್‌ವರೆಗೂ ಹೋಗುತ್ತವೆ. ಸಾಮಾನ್ಯವಾಗಿ ಗಡಿ ತಪಾಸಣೆಯಿಲ್ಲದೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಷೆಂಗೆನ್ ಕೂಟದ ಹೊರಗೆ ಸೆರ್ಬಿಯಾ ಇದೆ. ಒಂದೇ ಪ್ರವೇಶದ ಷೆಂಗೆನ್ ವೀಸಾ ಇರುವವರು ಆ ಹಡಗಿನಲ್ಲಿ ಹಂಗೇರಿಯ ಗಡಿ ದಾಟಿದರೆ ಅವರ ಪ್ರವೇಶ ಅಲ್ಲಿಗೆ ಮುಗಿಯಿತು. ವೀಸಾದಲ್ಲಿ ದಿನಗಳು ಎಷ್ಟೇ ಉಳಿದಿರಲಿ, ಬೆಲ್‌ಗ್ರೇಡ್‌ನಿಂದ ಬುಡಾಪೆಸ್ಟ್‌ಗೆ ಮರಳುವ ಬಸ್ಸಿನಿಂದ ಗಡಿಯಲ್ಲಿ ಇಳಿಸುತ್ತಾರೆ. ಅಮೆರಿಕದವರಿಗೆ ಬರೆದ ಕೈಪಿಡಿಗಳಲ್ಲಿ ಈ ಎಚ್ಚರಿಕೆ ಸಿಗದು, ಏಕೆಂದರೆ ಅವರಿಗೆ ಇದು ಸಮಸ್ಯೆಯೇ ಅಲ್ಲ. ನಾವು ಪಸ್ಸಾವ್‌ನಿಂದ ಬುಡಾಪೆಸ್ಟ್‌ವರೆಗಿನ ತುಂಡನ್ನೇ ಆರಿಸಿಕೊಂಡದ್ದಕ್ಕೆ ಇದೂ ಒಂದು ಕಾರಣ.

ಮರುದಿನ ನೇಪ್‌ಲಿಗೆಟ್‌ಗೆ ಮುಕ್ಕಾಲು ಗಂಟೆ ಮೊದಲೇ ಹೋಗಿ ಕುಳಿತೆವು. ಬಸ್ಸು ಹೊರಡುವ ಹತ್ತು ನಿಮಿಷ ಮೊದಲು ಬಂತು. ಚಾಲಕ ಐವತ್ತರ ಆಸುಪಾಸಿನ ದಪ್ಪ ಮೀಸೆಯ ಮನುಷ್ಯ. ಸಾಲಿನಲ್ಲಿದ್ದವರ ಸೂಟ್‌ಕೇಸ್‌ಗಳನ್ನು ನೋಡಿ ಪ್ರಾಗ್‌ನವರದು ಒಳಗೆ, ಬ್ರಾಟಿಸ್ಲಾವಾ ಮತ್ತು ಬ್ರನೋದವರದು ಬಾಗಿಲ ಬಳಿ ಎಂದು ಕೈಸನ್ನೆಯಲ್ಲೇ ವಿಂಗಡಿಸಿದ. ಹಡಗಿನಲ್ಲಿ ನಾವು ಹೊರಗಿಟ್ಟ ಸೂಟ್‌ಕೇಸ್ ಯಾರ ಕೈಯಲ್ಲೋ ಹೊರಟು ಇನ್ನೆಲ್ಲೋ ಪ್ರತ್ಯಕ್ಷವಾಗುತ್ತಿತ್ತು. ಇಲ್ಲಿ ನಮ್ಮ ಪೆಟ್ಟಿಗೆ ಎಲ್ಲಿ ಹೋಯಿತು, ಯಾರ ಪೆಟ್ಟಿಗೆಯ ಕೆಳಗೆ ಬಿತ್ತು ಎಂದು ಕಣ್ಣಾರೆ ಕಂಡೆವು. ಅಕ್ಕನಿಗೆ ಆಗ ಸಮಾಧಾನವಾಯಿತು. ಬಸ್ಸಿನ ಒಳಗೆ ಐದು ಮೆಟ್ಟಿಲು. ಶೌಚಾಲಯ ನಡುಬಾಗಿಲಿನ ಬಳಿ, ಇಳಿಜಾರಾದ ಮೂರು ಮೆಟ್ಟಿಲ ಕೆಳಗೆ. ಓಡುವ ಬಸ್ಸಿನಲ್ಲಿ ಅದನ್ನು ಇಳಿಯುವುದು ಮೊಣಕಾಲು ನೋವಿನವರಿಗೆ ಆಗದ ಮಾತು. ಹಾಗಾಗಿ ನಿಲುಗಡೆಗಳು ಎಲ್ಲೆಲ್ಲಿ ಬರುತ್ತವೆ ಎಂಬುದು ನಮಗೆ ಟಿಕೆಟಿನ ದರಕ್ಕಿಂತ ಮುಖ್ಯವಾದ ಪ್ರಶ್ನೆಯಾಗಿತ್ತು.

ಅದಕ್ಕೆ ಉತ್ತರ ಯುರೋಪಿನ ಕಾನೂನಿನಲ್ಲೇ ಇದೆ. ಚಾಲಕ ಒಂದೇ ಸಮನೆ ನಾಲ್ಕೂವರೆ ಗಂಟೆಗಿಂತ ಹೆಚ್ಚು ಹೊತ್ತು ಓಡಿಸುವಂತಿಲ್ಲ, ಅಷ್ಟಾದ ಮೇಲೆ 45 ನಿಮಿಷ ವಿಶ್ರಾಂತಿ ಕಡ್ಡಾಯ. ಅದನ್ನು ಮೊದಲು 15, ಆಮೇಲೆ 30 ಎಂದು ಎರಡಾಗಿ ಒಡೆಯಬಹುದು. ದಿನಕ್ಕೆ ಒಂಬತ್ತು ಗಂಟೆ ಮಿತಿ, ವಾರಕ್ಕೆ ಎರಡು ಸಲ ಮಾತ್ರ ಹತ್ತು. ಟ್ಯಾಕೊಗ್ರಾಫ್ ಎಂಬ ಯಂತ್ರ ಎಲ್ಲವನ್ನೂ ದಾಖಲಿಸಿಕೊಳ್ಳುತ್ತದೆ, ಹಾಗಾಗಿ ಸುಳ್ಳು ಹೇಳಲು ಎಡೆಯಿಲ್ಲ. ಇದು ಗೊತ್ತಿದ್ದರೆ ಏಳು ಗಂಟೆಗೂ ಮೀರಿದ ಪ್ರಯಾಣದಲ್ಲಿ ದೊಡ್ಡ ನಿಲುಗಡೆ ಯಾವ ಹೊತ್ತಿಗೆ ಬರಬಹುದೆಂದು ನಾವೇ ಲೆಕ್ಕ ಹಾಕಿ, ನೀರು ಕುಡಿಯುವುದನ್ನೂ ಊಟವನ್ನೂ ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬಹುದು. ಬ್ರನೋ ದಾಟಿದ ಮೇಲೆ ಹೆದ್ದಾರಿಯ ಪಕ್ಕದ ಪೆಟ್ರೋಲ್ ಬಂಕ್ ಒಂದರಲ್ಲಿ ಬಸ್ಸು ನಿಂತಿತು. ಎಲ್ಲರೂ ಕಾಫಿ ಕುಡಿದು ಹತ್ತಿ ಕುಳಿತರೂ ಚಾಲಕ ಗಡಿಯಾರ ನೋಡುತ್ತ ಬಾಗಿಲ ಬಳಿ ನಿಂತೇ ಇದ್ದ. ಅಕ್ಕ ಡಬ್ಬಿ ತೆಗೆದು ಅವನಿಗೊಂದು ಚಕ್ಕುಲಿ ಕೊಟ್ಟಳು. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಸುರುಳಿಯ ಹೊರತುದಿಯಿಂದ ಒಂದೊಂದೇ ಸುತ್ತು ಮುರಿದು ತಿಂದ. ಕೊನೆಯ ಸುತ್ತು ಮುಗಿಯುವ ಹೊತ್ತಿಗೆ ನಲವತ್ತೈದು ನಿಮಿಷ ಆಗಿತ್ತೆಂದು ಕಾಣುತ್ತದೆ, ಕೈ ಒರೆಸಿಕೊಂಡು ಬಂದು ಗಾಡಿ ಚಾಲೂ ಮಾಡಿದ.

ಅದಕ್ಕೂ ಮೊದಲು ಎರಡು ಗಡಿಗಳು ನಮಗೆ ಅರಿವೇ ಇಲ್ಲದಂತೆ ಕಳೆದಿದ್ದವು. ಹಂಗೇರಿ, ಸ್ಲೊವಾಕಿಯಾ, ಚೆಕ್ ಮೂರೂ 2007ರ ಡಿಸೆಂಬರ್ 21ರಂದು ಒಟ್ಟಿಗೇ ಷೆಂಗೆನ್ ಸೇರಿದವು. ಹಂಗೇರಿ ಮತ್ತು ಸ್ಲೊವಾಕಿಯಾದ ಗಡಿಯಲ್ಲಿರುವ ರೈಕಾದ ಬಳಿ ಹಳೆಯ ತಪಾಸಣೆಯ ಚಾವಣಿಗಳ ಕೆಳಗೆ ಬಸ್ಸು ವೇಗ ತಗ್ಗಿಸಿ ದಾಟಿತು, ಅಷ್ಟೆ. ನನ್ನ ಕಣ್ಣು ಕಾದಿದ್ದದ್ದು ಇನ್ನೊಂದು ಗಡಿಗೆ. ಪ್ರಾಗ್ ಡೆನ್ಯೂಬಿನ ಮೇಲಿಲ್ಲ. ಅದು ಇರುವುದು ವಲ್ಟಾವಾ ನದಿಯ ಮೇಲೆ; ವಲ್ಟಾವಾ ಎಲ್ಬೆಯನ್ನು ಸೇರಿ ಉತ್ತರ ಸಮುದ್ರಕ್ಕೆ ಹೋಗುತ್ತದೆ, ಡೆನ್ಯೂಬ್ ಕಪ್ಪು ಸಮುದ್ರಕ್ಕೆ. ಆದರೂ ಎಷ್ಟೋ ಹಡಗು ಕಂಪನಿಗಳು ತಮ್ಮ ಡೆನ್ಯೂಬ್ ಪ್ರವಾಸದ ಹೆಸರಿನಲ್ಲಿ ಪ್ರಾಗ್ ಅನ್ನು ಸೇರಿಸಿರುತ್ತವೆ. ಆ ಭಾಗವನ್ನು ಕೊಂಡವರಿಗೆ ಸಿಗುವುದು ಹಡಗಲ್ಲ, ಅವರದೇ ಬಸ್ಸು. ಬ್ರನೋದಿಂದ ಪ್ರಾಗ್‌ಗೆ ಹೋಗುವ ಡಿ-1 ಹೆದ್ದಾರಿ ನಡುವೆ ಏರುವ ಎತ್ತರದ ನಾಡಿನಲ್ಲಿ ಈ ಎರಡು ಜಲಾನಯನಗಳನ್ನು ಬೇರ್ಪಡಿಸುವ ನೀರ್ಗಡಿ ಇದೆ. ಫರ್ ಮರಗಳ ನಡುವೆ ಬಸ್ಸು ಉಸಿರು ಹಿಡಿದು ಏರಿ, ಸದ್ದಿಲ್ಲದೆ ಇಳಿಯತೊಡಗಿತು. ಆಗುಂಬೆಯಲ್ಲೂ ಹೀಗೆಯೇ ಅಲ್ಲವೇ, ಒಂದು ಬದಿಯ ಮಳೆ ಪೂರ್ವಕ್ಕೆ ತುಂಗೆಗೆ, ಇನ್ನೊಂದು ಬದಿಯದು ಪಶ್ಚಿಮದ ಕಡಲಿಗೆ. ಏಳು ದಿನ ಹೊತ್ತು ತಂದ ನದಿಯನ್ನು ನಾವು ನಿಜವಾಗಿ ಬಿಟ್ಟದ್ದು ಬುಡಾಪೆಸ್ಟ್‌ನಲ್ಲಲ್ಲ, ಆ ಏರಿನಲ್ಲಿ.

ಪ್ರಾಗ್‌ನ ಫ್ಲೊರೆಂಟ್ಸ್ ನಿಲ್ದಾಣ 1948ರದು. ಮೇಲೆ ಹೇಳಿದ ಹಿತ್ತಲ ಬಾಗಿಲಿನ ಮಾತಿಗೆ ಅದು ಅಪವಾದ, ಹಳೆಯ ಪೇಟೆಗೆ ನಡೆಯುವಷ್ಟು ಹತ್ತಿರ. ಎರಡು ಮೆಟ್ರೊ ಮಾರ್ಗಗಳು ಅದರ ಕೆಳಗೇ ಕೂಡುತ್ತವೆ. 2002ರ ಆಗಸ್ಟಿನ ಪ್ರವಾಹದಲ್ಲಿ ವಲ್ಟಾವಾದ ನೀರು ಆ ಮೆಟ್ರೊ ನಿಲ್ದಾಣವನ್ನೂ ತುಂಬಿತ್ತು. ನಾವು ಅಲ್ಲಿ ಮೂರು ರಾತ್ರಿ ಉಳಿದೆವು.

ಮುಂದಿನ ಹಾದಿಗೆ ಅಕ್ಕನ ಮಗಳು ರಾತ್ರಿ ಬಸ್ಸನ್ನು ಸೂಚಿಸಿದ್ದಳು. ‘ಚಿಕ್ಕಮ್ಮಾ, ಒಂದು ರಾತ್ರಿ ಹೋಟೆಲ್ ಖರ್ಚು ಉಳಿಯುತ್ತೆ’ ಎಂದಳು ಫೋನಿನಲ್ಲಿ. ಅದೇ ಆಸೆಯಿಂದ ಒಮ್ಮೆ ಕೈಸುಟ್ಟುಕೊಂಡವಳು ನಾನು. ರಾತ್ರಿ ಬಸ್ಸು ನಸುಕಿನಲ್ಲಿ ಇಳಿಸುತ್ತದೆ, ಹೋಟೆಲಿನ ಕೋಣೆ ಸಿಗುವುದು ಮಧ್ಯಾಹ್ನ. ನಡುವಿನ ಎಂಟು ಗಂಟೆ ಬೀದಿಯಲ್ಲಿ ಕಳೆಯುವ ವಯಸ್ಸು ನಮ್ಮದಲ್ಲ. ಹಗಲಿನ ಬಸ್ಸಿನಲ್ಲೇ ಡ್ರೆಸ್ಡೆನ್‌ಗೆ ಹೋದೆವು, ಎರಡು ಗಂಟೆಯ ಹಾದಿ. ಈ ತುಂಡಿಗೆ ಮಾತ್ರ ರೈಲೇ ಮೇಲು ಎಂದು ನನ್ನ ಅಭಿಪ್ರಾಯ, ಏಕೆಂದರೆ ರೈಲು ಎಲ್ಬೆಯ ದಡ ಹಿಡಿದು ಮರಳುಗಲ್ಲಿನ ಬಂಡೆಗಳ ಕಣಿವೆಯಲ್ಲಿ ಸಾಗುತ್ತದೆ, ಬಸ್ಸು ಬೆಟ್ಟ ಹತ್ತಿ ಸುರಂಗಗಳಲ್ಲಿ ನುಗ್ಗುತ್ತದೆ. ಟಿಕೆಟ್ ಆಗಲೇ ಆಗಿತ್ತು. ಜರ್ಮನಿ 2024ರ ಸೆಪ್ಟೆಂಬರಿನಿಂದ ತನ್ನ ಎಲ್ಲ ನೆಲಗಡಿಗಳಲ್ಲೂ ತಪಾಸಣೆ ಇಟ್ಟಿದೆ. ಗಡಿಯಲ್ಲಿ ಇಬ್ಬರು ಪೊಲೀಸರು ಬಸ್ಸು ಹತ್ತಿ ಒಬ್ಬೊಬ್ಬರ ಪಾಸ್‌ಪೋರ್ಟನ್ನೂ ನೋಡಿದರು. ಹಿಂದಿನ ಸಾಲಿನ ಹುಡುಗಿಯೊಬ್ಬಳು ತನ್ನದನ್ನು ಡಿಕ್ಕಿಯ ಬ್ಯಾಗಿನಲ್ಲಿ ಇಟ್ಟುಬಿಟ್ಟಿದ್ದಳು. ಚಾಲಕ ಇಳಿದು ಡಿಕ್ಕಿ ತೆಗೆದು, ಎಲ್ಲರ ಸೂಟ್‌ಕೇಸ್ ಹೊರಗೆ ಹಾಕಿ, ಅವಳದನ್ನು ಹುಡುಕಿಕೊಡುವಾಗ ಅರ್ಧ ಗಂಟೆ ಹೋಯಿತು.

ಈಚೆಗೆ ನಮ್ಮ ಬೀದಿಯ ದಂಪತಿಗಳು ರೈನ್ ನದಿಯಲ್ಲಿ ಬಾಸೆಲ್‌ನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಹಡಗು ಗೊತ್ತುಮಾಡಿ, ಅಲ್ಲಿಂದ ಪ್ಯಾರಿಸ್‌ಗೆ ಬಸ್ಸು ಹಿಡಿಯುವ ವಿಚಾರ ಕೇಳಲು ಮನೆಗೆ ಬಂದಿದ್ದರು. ನಾನು ದರ, ಕಾನೂನು, ಎರಡು ಗಂಟೆ ತಡವಾದರೆ ಹಣ ಮರಳಿ ಕೇಳುವ ಹಕ್ಕು ಎಂದೆಲ್ಲ ಹೇಳಲು ಶುರುಮಾಡಿದೆ. ಅಕ್ಕ ಕಾಫಿ ಲೋಟ ಕೆಳಗಿಟ್ಟು, ‘ಅದೆಲ್ಲ ಆಮೇಲೆ ಹೇಳುವೆಯಂತೆ. ಹಡಗು ಎಲ್ಲಿ ನಿಲ್ಲುತ್ತೆ, ಬಸ್ಸು ಎಲ್ಲಿಂದ ಹೊರಡುತ್ತೆ, ಅದನ್ನ ಮೊದಲು ನೋಡು’ ಎಂದಳು. ನೋಡಿದೆವು: ಹಡಗು ಸೆಂಟ್ರಲ್ ರೈಲು ನಿಲ್ದಾಣದ ಹಿಂದೆ, ಬಸ್ಸು ಸ್ಲೋಟರ್‌ಡೈಕ್‌ನಿಂದ, ನಡುವೆ ಒಂದು ಚಿಕ್ಕ ರೈಲು. ಅವರು ಗುರುತು ಹಾಕಿಕೊಂಡರು. ‘ಇಳಿದ ದಿನವೇ ಹೊರಡ್ತೀರಾ?’ ಎಂದು ಅಕ್ಕ ಕೇಳಿದಳು. ಹೌದು, ಮಧ್ಯಾಹ್ನದ ಬಸ್ಸಿಗೆ ಟಿಕೆಟ್ ಆಗಿದೆ, ಬಹಳ ಅಗ್ಗಕ್ಕೆ ಸಿಕ್ಕಿತು ಎಂದರು ಅವರು. ಅಕ್ಕ ನನ್ನ ಕಡೆ ಒಮ್ಮೆ ನೋಡಿ, ಏನೂ ಅನ್ನದೆ ಚಕ್ಕುಲಿಯ ಡಬ್ಬಿ ತರಲು ಒಳಗೆ ಹೋದಳು.